ಅಗಲವೋ, ಆಳವೋ?

ನಮ್ಮ ಮನೆಗಳ ಮಕ್ಕಳು ಈಗ ಎಂಜಿನಿಯರಿಂಗ್, ನರ್ಸಿಂಗ್‌ಗಳ ಜೊತೆಗೆ ಮನಃಶಾಸ್ತ್ರವನ್ನೂ ಓದುತ್ತಿದ್ದಾರೆ. ಎಂ.ಎ. ಇಲ್ಲವೇ ಎಂ.ಎಸ್.ಡಬ್ಲ್ಯು. ಮುಗಿಸಿ, ಒಂದೆರಡು ವರ್ಷ ಶಾಲೆಯಲ್ಲೋ ಆಸ್ಪತ್ರೆಯಲ್ಲೋ ದುಡಿದ ಮೇಲೆ, ತಮ್ಮದೇ ಒಂದು ಆಪ್ತಸಮಾಲೋಚನಾ ಕೇಂದ್ರ ತೆರೆಯಬೇಕೆಂಬ ಆಸೆ ಮೂಡುತ್ತದೆ. ಮನೆಯವರು ಮೊದಲು ಕೇಳುವುದು ಬಾಡಿಗೆಯ ಲೆಕ್ಕ. ಅದಕ್ಕಿಂತ ಕಠಿಣವಾದ ಪ್ರಶ್ನೆ ಇನ್ನೊಂದಿದೆ. ಬಂದವರನ್ನೆಲ್ಲ ನೋಡಬೇಕೇ? ಅಥವಾ ಮಕ್ಕಳ ಕಲಿಕೆ, ದಾಂಪತ್ಯ, ಕುಡಿತ ಎಂದು ಯಾವುದಾದರೂ ಒಂದರಲ್ಲಿ ಮಾತ್ರ ಸ್ಪೆಷಲಿಸ್ಟ್ ಆಗಬೇಕೇ?

ಬೆಂಗಳೂರು, ಪುಣೆಗಳ ಉತ್ತರ ಗಡಿನಾಡಿಗೆ ಹಾಗೆಯೇ ಹೊಂದುವುದಿಲ್ಲ. ಸೊಲ್ಲಾಪುರ ಮತ್ತು ಅಕ್ಕಲಕೋಟಗಳನ್ನೇ ಮುಂದಿಟ್ಟುಕೊಂಡು ಯೋಚಿಸೋಣ. ಇವೆರಡರ ನಡುವೆ ಸುಮಾರು 40 ಕಿ.ಮೀ. ದೂರ. 2011ರ ಜನಗಣತಿಯಂತೆ ಸೊಲ್ಲಾಪುರ ನಗರದಲ್ಲಿ ಒಂಬತ್ತೂವರೆ ಲಕ್ಷ ಜನ. ಅಕ್ಕಲಕೋಟ ಪಟ್ಟಣದಲ್ಲಿ ಸುಮಾರು 40 ಸಾವಿರ.

ಲೆಕ್ಕ ಏನು ಹೇಳುತ್ತದೆ?

ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಆಗ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಮತ್ತೆ ಮತ್ತೆ ಕೈ ತೊಳೆಯುವಂಥ ಗೀಳು ಕಾಯಿಲೆಯಾದರೋ ನೂರರಲ್ಲಿ ಒಬ್ಬರಿಗೂ ಇರಲಿಲ್ಲ. ಆ ಪಟ್ಟಿಯಲ್ಲಿ ಮಹಾರಾಷ್ಟ್ರ ಇರದಿದ್ದರೂ ಅಂದಾಜಿಗೆ ಈ ಲೆಕ್ಕ ಸಾಕು. ಅಕ್ಕಲಕೋಟ ಪಟ್ಟಣದಲ್ಲಿ 25 ಸಾವಿರ ವಯಸ್ಕರಿದ್ದಾರೆ ಎಂದಿಟ್ಟುಕೊಂಡರೆ, ಒಟ್ಟು ತೊಂದರೆಯುಳ್ಳವರು ಎರಡೂವರೆ ಸಾವಿರಕ್ಕೂ ಹೆಚ್ಚು; ಗೀಳು ಕಾಯಿಲೆಯವರು 250ಕ್ಕಿಂತ ಕಡಿಮೆ. ಚಿಕಿತ್ಸೆ ಬೇಕಾದವರಲ್ಲಿ ಬಹುಪಾಲು ಜನ ಅದನ್ನು ಪಡೆಯುವುದೇ ಇಲ್ಲವೆಂದೂ ಅದೇ ಸಮೀಕ್ಷೆ ಹೇಳಿತು. ಹಾಗಾದರೆ ಬಾಗಿಲು ತಟ್ಟುವವರು ಎಷ್ಟು ಮಂದಿ?

ಬಾಡಿಗೆ, ವಿದ್ಯುತ್, ಬಸ್ ಖರ್ಚು ಸೇರಿ ತಿಂಗಳಿಗೆ 12 ಸಾವಿರ ರೂಪಾಯಿ, ಒಂದು ಭೇಟಿಗೆ 300 ರೂಪಾಯಿ ಎಂದು ಹಿಡಿಯೋಣ. ಖರ್ಚು ಸರಿದೂಗಲು ತಿಂಗಳಿಗೆ 40 ಭೇಟಿಗಳು ಬೇಕು. ಊಟದ ಹಣ ಅದರ ಮೇಲೆ. ಅಕ್ಕಲಕೋಟದಲ್ಲಿ ಒಂದೇ ಕಾಯಿಲೆಯನ್ನು ನಂಬಿ ಕುಳಿತವರಿಗೆ ಇದು ಆಗದ ಮಾತು. ಸೊಲ್ಲಾಪುರದಲ್ಲಿ ಜನಸಂಖ್ಯೆ ಇಪ್ಪತ್ತು ಪಟ್ಟಿಗೂ ಹೆಚ್ಚು. ಅಲ್ಲಿ ಪರಿಣತಿಗೆ ಎಡೆಯಿದೆ. 'ಕಲಿಕೆಯಲ್ಲಿ ಹಿಂದುಳಿದ ಮಕ್ಕಳನ್ನು ಇವರು ನೋಡುತ್ತಾರೆ' ಎಂದು ಗೊತ್ತಾದರೆ ಶಾಲೆಯವರೂ ಮಕ್ಕಳ ವೈದ್ಯರೂ ನೆನಪಿಟ್ಟುಕೊಂಡು ಕಳಿಸುತ್ತಾರೆ. 'ಎಲ್ಲವನ್ನೂ ನೋಡುತ್ತೇನೆ' ಎಂದವರ ನೆನಪು ಬೇಗ ಅಳಿಸಿಹೋಗುತ್ತದೆ.

ಬೋರ್ಡಿನ ಮೇಲೆ ಏನು ಬರೆಯಬೇಕು?

ಸಣ್ಣ ಊರಿನಲ್ಲಿ ಮೆಟ್ಟಿಲು ಹತ್ತುವವರನ್ನು ಎದುರಿನ ಅಂಗಡಿಯವರು ನೋಡುತ್ತಾರೆ. 'ಕುಡಿತ ಬಿಡಿಸುವ ಕೇಂದ್ರ' ಎಂಬ ಬೋರ್ಡಿದ್ದರೆ, ಒಳಗೆ ಹೋದವನ ಕಥೆ ಸಂಜೆಯೊಳಗೆ ಅವನ ಓಣಿ ತಲುಪುತ್ತದೆ. 'ಮಕ್ಕಳ ಮತ್ತು ಕುಟುಂಬದ ಆಪ್ತಸಮಾಲೋಚನೆ' ಎಂದಿದ್ದರೆ, ಮಗನ ಪರೀಕ್ಷೆಯ ವಿಷಯಕ್ಕೆ ಬಂದವರೂ ಆಗಬಹುದು. ಅಂದರೆ ಅಗಲವಾದ ಬೋರ್ಡು ಬಂದವರ ಮಾನವನ್ನೂ ಕಾಯುತ್ತದೆ. ಪರಿಣತಿ ಬೋರ್ಡಿನ ಮೇಲೆಯೇ ಇರಬೇಕೆಂದಿಲ್ಲ. ಕಳಿಸಿಕೊಡುವ ವೈದ್ಯರಿಗೆ, ಶಿಕ್ಷಕರಿಗೆ ತಿಳಿದಿದ್ದರೆ ಸಾಕು.

ಭಾಷೆಯೂ ಒಂದು ಪರಿಣತಿ

ಸೊನ್ನಲಿಗೆಯ ಸಿದ್ಧರಾಮನ ಈ ಊರಿನಲ್ಲಿ ಮರಾಠಿ, ಕನ್ನಡ, ತೆಲುಗು, ಉರ್ದು ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ಅಕ್ಕಲಕೋಟ ತಾಲೂಕಿನ ಅನೇಕ ಹಳ್ಳಿಗಳಲ್ಲಿ ಮನೆಮಾತು ಕನ್ನಡ. ಕಚೇರಿಯ ಕೆಲಸವನ್ನು ಮರಾಠಿಯಲ್ಲಿ ಮುಗಿಸುವ ತಾಯಿ, ಮನಸ್ಸಿನ ನೋವನ್ನು ಹೇಳುವಾಗ 'ಎದಿ ಧಸಕ್ ಅಂತದ, ನಿದ್ದಿ ಬರಂಗಿಲ್ಲ, ಜೀವಕ್ಕ ಸಮಾಧಾನ ಇಲ್ಲ' ಎಂದೇ ಹೇಳುತ್ತಾಳೆ. ಇದು ಹೃದಯದ ಕಾಯಿಲೆಯೋ, ಆತಂಕವೋ, ಸೊಸೆಯೊಂದಿಗಿನ ಜಗಳವೋ ಎಂದು ಬಿಡಿಸಿ ಕೇಳಲು ಆ ಮಾತಿನ ಒಳಗಿನವರೇ ಬೇಕು. ಎರಡು ಭಾಷೆ ಬಲ್ಲ ನಮ್ಮ ಮಕ್ಕಳು ಇದನ್ನು ಕಡಿಮೆ ಎಣಿಸಬಾರದು.

ಬಳ್ಳಾರಿ ಕಲಿಸಿದ ಪಾಠ

1985ರಿಂದ 1990ರವರೆಗೆ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆಗಳನ್ನು ಗುರುತಿಸುವ ತರಬೇತಿ ಸಿಕ್ಕಿತು. ತಮ್ಮಿಂದಾದುದನ್ನು ಅವರು ಅಲ್ಲಿಯೇ ನೋಡಿಕೊಂಡು, ಆಗದುದನ್ನು ತಜ್ಞರಿಗೆ ಕಳಿಸಬೇಕಿತ್ತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿಯಾಯಿತು. ಬಾಗಿಲಲ್ಲಿ ಎಲ್ಲರನ್ನೂ ಬರಮಾಡಿಕೊಳ್ಳುವವರು ಬೇಕು. ಅವರ ಬೆನ್ನಿಗೆ ತಜ್ಞರೂ ಬೇಕು. ಖಾಸಗಿ ಕೇಂದ್ರಕ್ಕೂ ಈ ಮಾತು ಸಲ್ಲುತ್ತದೆ.

ಅಗಲಕ್ಕೂ ಎಲ್ಲೆ ಉಂಟು

ಬಂದವರನ್ನೆಲ್ಲ ನೋಡುವುದೆಂದರೆ ಎಲ್ಲದಕ್ಕೂ ಚಿಕಿತ್ಸೆ ಕೊಡುವುದಲ್ಲ. ಇಲ್ಲದ ಧ್ವನಿಗಳು ಕೇಳಿಸುತ್ತವೆ ಎನ್ನುವವರು, ಸಾಯುವ ಯೋಚನೆಯಲ್ಲಿರುವವರು, ಕುಡಿತ ನಿಲ್ಲಿಸಿದೊಡನೆ ಕೈಕಾಲು ನಡುಗುವವರು ತಡವಿಲ್ಲದೆ ಮನೋವೈದ್ಯರ ಬಳಿ ಹೋಗಬೇಕು. ಶುಲ್ಕದ ಆಸೆಯಿಂದ ಇವರನ್ನು ಉಳಿಸಿಕೊಂಡರೆ ಒಂದು ಜೀವವೇ ಹೋಗಬಹುದು. ಔಷಧಿ ಬರೆಯುವ ಅಧಿಕಾರ ಆಪ್ತಸಮಾಲೋಚಕರಿಗಿಲ್ಲ. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದವರು ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ವೃತ್ತಿ ನಡೆಸುವಂತಿಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಅಲ್ಲಿ ಗುಟ್ಟು ಕಾಯುವ ಮಾತಿಲ್ಲ.

ಆದ್ದರಿಂದ ಕೇಂದ್ರ ತೆರೆಯುವ ಮೊದಲು ಮೂರು ಪಟ್ಟಿ ಬರೆದುಕೊಳ್ಳುವುದು ಒಳ್ಳೆಯದು: ನಾನೇ ನೋಡುವವು, ಮನೋವೈದ್ಯರ ಜೊತೆಗೂಡಿ ನೋಡುವವು, ಕೂಡಲೇ ಕಳಿಸುವವು. ಮೂರನೆಯ ಪಟ್ಟಿಯ ಪಕ್ಕದಲ್ಲಿ ವೈದ್ಯರ ಫೋನ್ ನಂಬರ್ ಇರಲಿ. ಸರ್ಕಾರದ ಉಚಿತ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416 ಕೂಡ ಇರಲಿ. 2022ರಲ್ಲಿ ಆರಂಭವಾದ ಈ ಸೇವೆಯಲ್ಲಿ ಕನ್ನಡದಲ್ಲೂ ಮರಾಠಿಯಲ್ಲೂ ಮಾತಾಡಬಹುದು.

ತೀರ್ಮಾನಕ್ಕೆ ಒಂದು ವರ್ಷ

ಮೊದಲ ದಿನವೇ ಪರಿಣತಿಯನ್ನು ಆರಿಸಿಕೊಳ್ಳುವ ಅವಸರ ಬೇಡ. ಸೊಲ್ಲಾಪುರದಲ್ಲಿ ನಾಲ್ಕು ದಿನ, ಅಕ್ಕಲಕೋಟದಲ್ಲಿ ಒಂದೆರಡು ದಿನ ಕುಳಿತು ನೋಡಲಿ. ಹೆಸರು ಬರೆಯದೆ, ಯಾವ ತೊಂದರೆಯವರು ಎಷ್ಟು ಮಂದಿ ಬಂದರು, ಎಷ್ಟು ಮಂದಿ ಎರಡನೆಯ ಸಲವೂ ಬಂದರು, ಯಾರಿಗೆ ಗುಣ ಕಂಡಿತು ಎಂದು ಲೆಕ್ಕವಿಡಲಿ. ವರ್ಷದ ಕೊನೆಗೆ ಆ ಪುಸ್ತಕವೇ ದಾರಿ ತೋರಿಸುತ್ತದೆ. ಹೆಚ್ಚು ಜನ ಬಂದ, ತನ್ನ ಕೈಗುಣವೂ ಕಂಡ ಒಂದು ಕ್ಷೇತ್ರವನ್ನು ಹಿಡಿದು, ಅದರಲ್ಲಿ ಹೆಚ್ಚಿನ ತರಬೇತಿ ಪಡೆಯಲಿ. ಆಮೇಲೆ ಸೊಲ್ಲಾಪುರದಲ್ಲಿ ಆಳ, ಅಕ್ಕಲಕೋಟದಲ್ಲಿ ಅಗಲ ಎಂದು ಎರಡನ್ನೂ ನಡೆಸಿಕೊಂಡು ಹೋಗಬಹುದು.

ತಂದೆತಾಯಿಗಳಲ್ಲಿ ಒಂದು ಮಾತು. ಆ ಒಂದು ವರ್ಷದಲ್ಲಿ 'ಎಷ್ಟು ಗಳಿಸಿದೆ?' ಎಂದು ಪ್ರತಿ ತಿಂಗಳೂ ಕೇಳಬೇಡಿ. ಮನೆಯ ಒತ್ತಾಯಕ್ಕೆ ಸಿಕ್ಕಿದ ಮಗಳು ಬೇರೆಯವರ ಬಳಿಗೆ ಕಳಿಸಬೇಕಾದವರನ್ನು ತನ್ನಲ್ಲೇ ಉಳಿಸಿಕೊಂಡಾಳು. ಸಹಾಯ ಬೇಡಿ ಹೋಗುವ ಕುಟುಂಬಗಳೂ ಮೂರು ಪ್ರಶ್ನೆ ಕೇಳಲು ಹಿಂಜರಿಯಬಾರದು: ನೀವು ಓದಿರುವುದೇನು? ಇಂಥ ತೊಂದರೆಯವರನ್ನು ಮೊದಲು ನೋಡಿದ್ದೀರಾ? ನಿಮ್ಮಿಂದ ಆಗದಿದ್ದರೆ ನಮ್ಮನ್ನು ಯಾರ ಬಳಿಗೆ ಕಳಿಸುತ್ತೀರಿ? ಮೂರನೆಯ ಪ್ರಶ್ನೆಗೆ ತಡವರಿಸದೆ ಉತ್ತರ ಕೊಡುವವರನ್ನು ಧೈರ್ಯವಾಗಿ ನಂಬಬಹುದು.