ವರುಷವೊಂದರ ಮೂರು ಹಸುರಂಗಳಗಳು

ಕಳೆದೊಂದು ವರುಷದಲ್ಲಿ ಗಾಲ್ಫ್ ದಂಡವನ್ನು ಹಿಡಿದು ನಾವು ತಿರುಗಿದ ಅಂಗಳಗಳು ಹಲವಾದರೂ ಮನದಲ್ಲಿ ಬೇರೂರಿದವು ಮೂರೇ.

ಮೊದಲನೆಯದು ದಿಲ್ಲಿ ಗಾಲ್ಫ್ ಕ್ಲಬ್ಬಿನದು. ಅಲ್ಲಿ ಮೊಗಲರ ಕಾಲದ ಗೋರಿಗುಮ್ಮಟಗಳ ನಡುವೆ ಆಟ. ಇಕ್ಕೆಲಗಳಲ್ಲಿ ಮುಳ್ಳುಪೊದೆ, ಹಾದಿಯಲ್ಲಿ ನವಿಲು. ಗುರಿ ತುಸು ತಪ್ಪಿದರೂ ಚೆಂಡು ಪೊದೆಯ ಪಾಲು. ಬಲಕ್ಕಿಂತ ಸಂಯಮವೇ ಮೇಲೆಂಬ ಪಾಠವನ್ನು ಅದು ನಮಗೆ ಕಲಿಸಿತು.

ಎರಡನೆಯದು ಶಿಮ್ಲೆಯ ಬಳಿಯ ನಾಲ್ದೇರಾ. ದೇವದಾರುಗಳ ನಡುವಣ ಈ ಇಳಿಜಾರಿಗೆ ಮಾರುಹೋದ ಲಾರ್ಡ್ ಕರ್ಜನನು, 1904ರಲ್ಲಿ ಹುಟ್ಟಿದ ಮಗಳ ಹೆಸರಿಗೆ ಆ ಊರಿನ ಹೆಸರನ್ನೇ ಸೇರಿಸಿದನು. ಅಲ್ಲಿ ಆಡಿದವರಿಗೆ ಇದು ಅತಿಶಯವೆನಿಸದು.

ಮೂರನೆಯದು, ನಮಗೆ ಎಲ್ಲಕ್ಕಿಂತ ಪ್ರಿಯವಾದುದು, ಕಲಕತ್ತೆಯ ರಾಯಲ್ ಗಾಲ್ಫ್ ಕ್ಲಬ್ಬಿನದು. 1829ರಲ್ಲಿ ಸ್ಥಾಪಿತವಾದ ಇದಕ್ಕಿಂತ ಹಳೆಯ ಗಾಲ್ಫ್ ಕ್ಲಬ್ಬು ಬ್ರಿಟನ್ನಿನ ಹೊರಗೆ ಇಲ್ಲ. ನೆಲ ಸಮತಟ್ಟು; ಆದರೆ ಕೊಳಗಳು ಚೆಂಡಿಗಾಗಿ ಬಾಯ್ದೆರೆದು ಕಾದಿರುತ್ತವೆ. ಇಲ್ಲಿಯ ಹುಲ್ಲನ್ನು ಪೋಷಿಸುತ್ತಿದ್ದ ನೌಕರರೊಬ್ಬರ ಮಗ ಶಿವಶಂಕರ ಪ್ರಸಾದ್ ಚೌರಾಸಿಯಾ, 2008ರಲ್ಲಿ ಆ ದಿಲ್ಲಿಯ ಅಂಗಳದಲ್ಲೇ ಇಂಡಿಯನ್ ಮಾಸ್ಟರ್ಸ್ ಪಂದ್ಯವನ್ನು ಗೆದ್ದರು.

ವರುಷವಿಡೀ ನಮ್ಮ ಚೀಲವನ್ನು ಹೊತ್ತ ಹುಡುಗರಲ್ಲಿ ದಂಡವನ್ನು ಹಿಡಿಯುವ ಅವಕಾಶ ಪಡೆದವರು ಎಷ್ಟು ಮಂದಿ? ವಾರದಲ್ಲೊಂದು ಮುಂಜಾನೆಯನ್ನಾದರೂ ನಮ್ಮ ಕ್ಲಬ್ಬುಗಳು ಅವರಿಗೆ ಬಿಟ್ಟುಕೊಟ್ಟರೆ ಇನ್ನೊಬ್ಬ ಚೌರಾಸಿಯಾ ದೊರೆಯದಿರಲಾರರು.