ಮನೆಯ ನೆನಪುಗಳಿಗೆ ಯಾವ ಹಾರ್ಡ್ ಡಿಸ್ಕ್?

ಅಗಲಿದ ಅಮ್ಮಿಯ ಧ್ವನಿ ಸಾರಕ್ಕಿಯ ನಮ್ಮ ಮನೆಯಲ್ಲಿ ಒಂದೇ ಹಾರ್ಡ್ ಡಿಸ್ಕಿನಲ್ಲಿತ್ತು. ಅದು ಕೆಟ್ಟಿತು, ಆ ಧ್ವನಿ ಮತ್ತೆ ಕೇಳಲಿಲ್ಲ. ಈಗ ಮನೆಮಂದಿಯ ಫೋನುಗಳೆಲ್ಲ ವೈಫೈ ಮೂಲಕ ಬಳಸುವ, ಎರಡು ಡಿಸ್ಕಿನ ಸಂಗ್ರಹ ಪೆಟ್ಟಿಗೆ ‘ನ್ಯಾಸ್’ ಇಟ್ಟಿದ್ದೇವೆ.

ಸಹೋದರಿಯರೇ, ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಬೆಲೆಗಿಂತ ಮೊದಲು ‘ಇದು ಸಿಎಂಆರ್ ತಾನೇ?’ ಎಂದು ಕೇಳಿ. ಎಸ್‌ಎಂಆರ್ ಡಿಸ್ಕಿನಲ್ಲಿ ಬರಹದ ಗೆರೆಗಳು ಹೆಂಚಿನಂತೆ ಒಂದರ ಮೇಲೊಂದು ಚಾಚಿರುತ್ತವೆ. ಒಂದನ್ನು ತಿದ್ದಲು ಪಕ್ಕದವನ್ನೂ ಮತ್ತೆ ಬರೆಯಬೇಕು, ಕೆಲಸ ನಿಧಾನ. ಹೆಸರನ್ನಷ್ಟೇ ನಂಬಬೇಡಿ. ನ್ಯಾಸ್‌ಗೆಂದೇ ಮಾರುವ ‘ರೆಡ್’ ಡಿಸ್ಕುಗಳಲ್ಲೂ ಕೆಲವು ಎಸ್‌ಎಂಆರ್ ಎಂದು ವೆಸ್ಟರ್ನ್ ಡಿಜಿಟಲ್ 2020ರಲ್ಲಿ ಒಪ್ಪಿಕೊಂಡಿತು.

ಒಂದೇ ಅಳತೆಯ ಎರಡು ಡಿಸ್ಕ್ ಹಾಕಿದರೆ, ಒಂದು ಕೆಟ್ಟರೂ ಇನ್ನೊಂದರಲ್ಲಿ ಪ್ರತಿ ಇರುತ್ತದೆ. ಆದರೆ ಕೈತಪ್ಪಿ ಅಳಿಸಿದ್ದು ಎರಡರಲ್ಲೂ ಅಳಿಯುತ್ತದೆ. ಮೂರನೆಯ ಪ್ರತಿ ತವರುಮನೆಯಲ್ಲಿರಲಿ.