ಒಡೆದ ಗಾಜು, ಉಳಿದ ಚಿತ್ರ

1915ರ ನವೆಂಬರ್. ಅಂಟಾರ್ಕ್ಟಿಕಾದ ವೆಡೆಲ್ ಸಮುದ್ರದಲ್ಲಿ ಮಂಜುಗಡ್ಡೆಯ ಒತ್ತಡಕ್ಕೆ ‘ಎಂಡ್ಯೂರೆನ್ಸ್’ ಹಡಗಿನ ಒಡಲು ಬಿರಿದು ಒಳಗೆಲ್ಲ ನೀರು ತುಂಬಿತ್ತು. ಆಸ್ಟ್ರೇಲಿಯಾದ ಛಾಯಾಗ್ರಾಹಕ ಫ್ರ್ಯಾಂಕ್ ಹರ್ಲಿ ಬಟ್ಟೆ ಕಳಚಿ ಆ ಕೊರೆಯುವ ನೀರಿಗಿಳಿದ. ತಡಕಾಡಿ, ನೆಗೆಟಿವ್‌ಗಳಿದ್ದ ಪೆಟ್ಟಿಗೆಗಳನ್ನು ಮೇಲೆತ್ತಿದ.

ಆದರೆ ಅಷ್ಟೂ ಭಾರ ಹೊತ್ತು ಸಾಗುವಂತಿರಲಿಲ್ಲ. ತಂಡದ ನಾಯಕ ಅರ್ನೆಸ್ಟ್ ಶ್ಯಾಕಲ್ಟನ್ ಜೊತೆ ಮಂಜಿನ ಮೇಲೆ ಕೂತು, ಒಂದೊಂದೇ ಗಾಜಿನ ಫಲಕವನ್ನು ನೋಡಿ ಸುಮಾರು 120ನ್ನು ಉಳಿಸಿಕೊಂಡ. 400ರಷ್ಟನ್ನು ಅಲ್ಲೇ ಒಡೆದುಹಾಕಿದ, ಮತ್ತೆ ಆಸೆ ಹುಟ್ಟಬಾರದೆಂದು.

ನ್ಯಾಷನಲ್ ಜಿಯಾಗ್ರಫಿಕ್ 2024ರಲ್ಲಿ ತಂದ ‘ಎಂಡ್ಯೂರೆನ್ಸ್’ ಸಾಕ್ಷ್ಯಚಿತ್ರದ ಜೀವಾಳ ಹೀಗೆ ಉಳಿದ ಚಿತ್ರಗಳೇ. ಅಂಟಾರ್ಕ್ಟಿಕಾ ಖಂಡವನ್ನು ದಾಟಲು 1914ರಲ್ಲಿ ಹೊರಟ 28 ಮಂದಿ ಹಡಗು ಕಳೆದುಕೊಂಡು ತೇಲುವ ಮಂಜಿನ ಮೇಲೆ ತಿಂಗಳುಗಟ್ಟಲೆ ಡೇರೆಗಳಲ್ಲಿ ಬದುಕಿದರು. ಸೀಲ್, ಪೆಂಗ್ವಿನ್‌ಗಳೇ ಊಟ. ಮಂಜು ಒಡೆದಾಗ ದೋಣಿಗಳಲ್ಲಿ ಎಲಿಫೆಂಟ್ ದ್ವೀಪ ಸೇರಿದರು. ಅಲ್ಲಿಂದ ಶ್ಯಾಕಲ್ಟನ್ ಐವರೊಂದಿಗೆ ಪುಟ್ಟ ದೋಣಿಯೇರಿ, ಸುಮಾರು 1,300 ಕಿ.ಮೀ. ಆಚೆಯ ಸೌತ್ ಜಾರ್ಜಿಯಾಕ್ಕೆ ನೆರವು ತರಲು ಹೋದ. ದ್ವೀಪದಲ್ಲಿ ಕಾದಿದ್ದ 22 ಮಂದಿಯನ್ನು 1916ರ ಆಗಸ್ಟ್ 30ರಂದು ಚಿಲಿಯ ಹಡಗೊಂದು ಕರೆತಂದಿತು. ಆ 28 ಮಂದಿಯೂ ಬದುಕುಳಿದರು.

ಇಂದಿನ ಟಿವಿ ಸಾಹಸ ಕಾರ್ಯಕ್ರಮಗಳಲ್ಲಿ ಕ್ಯಾಮೆರಾದ ಹಿಂದೆ ಒಂದು ತಂಡವೇ ನೆರವಿಗೆ ನಿಂತಿರುತ್ತದೆ. ಹರ್ಲಿಯ ಕ್ಯಾಮೆರಾದ ಹಿಂದೆ ಹರ್ಲಿ ಒಬ್ಬನೇ. ಅವನೂ ಹಸಿದಿದ್ದ.

ಸಾಕ್ಷ್ಯಚಿತ್ರದ ಇನ್ನೊಂದು ಎಳೆ ಮುಳುಗಿದ ಹಡಗಿನ ಹುಡುಕಾಟ. 2022ರ ಮಾರ್ಚ್ 5ರಂದು ನೀರೊಳಗಿನ ಯಂತ್ರವೊಂದು ಅದನ್ನು 3,008 ಮೀಟರ್ ಆಳದಲ್ಲಿ ಪತ್ತೆಹಚ್ಚಿತು. ಮರ ಕೊರೆಯುವ ಹುಳುಗಳು ಆ ಸಮುದ್ರದಲ್ಲಿಲ್ಲ. ಹಾಗಾಗಿ ನೂರು ವರ್ಷ ದಾಟಿದರೂ ಹಿಂಬದಿಯಲ್ಲಿ ಹಡಗಿನ ಹೆಸರು ಸ್ಪಷ್ಟವಾಗಿ ಓದಲು ಸಿಗುತ್ತದೆ.

ನಿರ್ದೇಶಕರು ಹಳೆಯ ದೃಶ್ಯಗಳಿಗೆ ಬಣ್ಣ ತುಂಬಿದ್ದಾರೆ. ನಾವಿಕರ ದಿನಚರಿಗಳನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದ ಅವರದೇ ದನಿಯಲ್ಲಿ ಓದಿಸಿದ್ದಾರೆ. ಸತ್ತವರ ದನಿಯನ್ನು ಹೀಗೆ ಕಟ್ಟುವುದು ಸರಿಯೇ ಎಂಬ ಪ್ರಶ್ನೆ ಏಳುವುದು ಸಹಜ. ಆದರೂ ದಿನಚರಿಯ ಮಾತುಗಳು ನಾವಿಕರವೇ ಆದ್ದರಿಂದ ಇಲ್ಲಿ ಅದು ಸಲ್ಲುತ್ತದೆ. ಬಣ್ಣ ಮಾತ್ರ ಬೇಕಿರಲಿಲ್ಲ. ಮುರಿದ ಹಡಗಿನತ್ತ ನೋಡುತ್ತ ಮಂಜಿನ ಮೇಲೆ ಕೂತ ನಾಯಿಗಳ ಹರ್ಲಿಯ ಆ ಚಿತ್ರ ಕಪ್ಪು ಬಿಳುಪಿನಲ್ಲೇ ಪರಿಪೂರ್ಣ.

ಇದೇ ಯಾನ ಕುರಿತ ಹರ್ಲಿಯ ಚಲನಚಿತ್ರ ‘ಸೌತ್’ 1919ರಲ್ಲೇ ತೆರೆಕಂಡಿತ್ತು. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಅದನ್ನು ದುರಸ್ತಿ ಮಾಡಿ ಉಳಿಸಿದೆ. ಮೊದಲು ಅದನ್ನು ನೋಡಿ, ಆಮೇಲೆ ಹೊಸದಕ್ಕೆ ಬರುವುದು ಒಳ್ಳೆಯದು.